ನೀರು ಚೆಲ್ಲಿದರೆ ಕಾಣುವ ಗೋಡೆ

ತಿಪಟೂರಿನ ಪೇಟೆಯಲ್ಲಿ ಬಾಗಿಲು ಹಾಕಿ ವರ್ಷಗಳಾದ ಒಂದು ಕೊಬ್ಬರಿ ಮಂಡಿ. ಮಂಗಳೂರು ಹೆಂಚು, ಗಾರೆ ಗೋಡೆ. ಅದನ್ನು ಬಾಡಿಗೆಗೆ ಹಿಡಿಯಲು ಬಂದಿರುವ ಕಾಫಿ ಅಂಗಡಿಯವರು ರಸ್ತೆ ಬದಿಯ ಗೋಡೆಯ ಮೇಲೆ ‘ವಿಂಟೇಜ್’ ಚಿತ್ರ ಬೇಕೆಂದಿದ್ದಾರೆ. ಮಾತಾಡುತ್ತಿರುವವರು ಆ ಮಂಡಿಯ ಮನೆತನದ ಇಬ್ಬರು: ಒಂದು ಕಾಲಕ್ಕೆ ಸುತ್ತಮುತ್ತಲ ಊರುಗಳ ಗೋಡೆಗಳನ್ನೆಲ್ಲ ಬರೆದ ಮಾವ; ಅಮೆರಿಕದ ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ ಕೆಲಸದಲ್ಲಿದ್ದು ರಜೆಗೆ ಬಂದಿರುವ ಸೋದರಸೊಸೆ.

ಮಾವ: ಏನು ಬೇಕಂತೆ ಅವರಿಗೆ? ಫೋನ್ ಈ ಕಡೆ ತಿರುಗಿಸು, ಬಿಸಿಲಿಗೆ ಏನೂ ಕಾಣಲ್ಲ.

ಸೊಸೆ: ನೋಡಿ ಮಾವ. ಕೆಂಪು ಹಿನ್ನೆಲೆ, ಬಿಳಿ ಅಕ್ಷರದಲ್ಲಿ ಕೋಕಾ-ಕೋಲಾ, ಬಾಟಲಿ ಹಿಡಿದ ಹೆಂಗಸು. ಅಂಚಿನಲ್ಲೆಲ್ಲ ಬಣ್ಣ ಕಿತ್ತು ಬಂದ ಹಾಗಿರಬೇಕು, ಅಲ್ಲಲ್ಲಿ ಇಟ್ಟಿಗೆ ಇಣುಕಬೇಕು. ಕೆಳಗೆ ಸಣ್ಣದಾಗಿ ‘1982’ ಅಂತ ಬರೀಬೇಕಂತೆ.

ಮಾವ: 1982? ಆ ವರ್ಷ ಆ ಕಂಪನಿ ದೇಶದಲ್ಲೇ ಇರಲಿಲ್ಲವಲ್ಲೇ! 1977ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಹೋದವರು ವಾಪಸ್ ಬಂದದ್ದು 1993ಕ್ಕೆ. ನಡುವೆ ನಾವು ಬರೆದದ್ದೆಲ್ಲ ಥಮ್ಸ್ ಅಪ್, ಗೋಲ್ಡ್ ಸ್ಪಾಟ್. ಇಟ್ಟಿಗೆ ಬೇರೆ ಇಣುಕಬೇಕಂತಾ? ಈ ಗೋಡೆಯೊಳಗೆ ಇಟ್ಟಿಗೆ ಎಲ್ಲಿದೆ? ಕಲ್ಲು, ಮಣ್ಣು, ಮೇಲೊಂದು ಗಾರೆ. ಸುಳ್ಳು ಹೇಳೋದಾದರೂ ಗೋಡೆಯನ್ನ ಒಂದು ಮಾತು ಕೇಳಿ ಹೇಳಬೇಕಪ್ಪ.

ಸೊಸೆ: ಪಾಪ, ಅವರು ಪಾಂಟಿಯಾಕ್ ಊರಿನ ಫೋಟೋ ನೋಡಿ ಆಸೆಪಟ್ಟಿದ್ದು. ನಾನೇ ತೋರಿಸಿದೆ. ನಮ್ಮ ಬ್ಲೂಮಿಂಗ್ಟನ್‌ನಿಂದ ಕಾರಿನಲ್ಲಿ ಮುಕ್ಕಾಲು ಗಂಟೆ. ಹೆಚ್ಚೆಂದರೆ 12,000 ಜನ ಇರೋ ಊರು. ಶಿಕಾಗೋದಿಂದ ಲಾಸ್ ಏಂಜಲೀಸ್ ಕಡೆಗೆ ಹೋಗುತ್ತಿದ್ದ ರೂಟ್ 66 ಅನ್ನೋ ರಸ್ತೆ ಆ ಊರಿನ ಮೇಲೇ ಹಾಯ್ತಿತ್ತು. 1926ರಲ್ಲಿ ಶುರುವಾದ ರಸ್ತೆ. ಆಮೇಲೆ ದೊಡ್ಡ ಹೆದ್ದಾರಿ ಊರಾಚೆಗೆ ಬಂತು, 1985ರಲ್ಲಿ ರೂಟ್ 66 ಅನ್ನೋ ಹೆಸರನ್ನೇ ಸರ್ಕಾರಿ ಪಟ್ಟಿಯಿಂದ ತೆಗೆದುಹಾಕಿದರು. ಬೈಪಾಸ್ ಬಿದ್ದ ಊರಿನ ಪಾಡು ನಿಮಗೆ ಹೇಳಬೇಕಾ?

ಮಾವ: ಹೇಳಬೇಡ. ಬೈಪಾಸ್ ಬಿದ್ದ ಮರುವರ್ಷ ಹೋಟ್ಲು ಮುಚ್ಚುತ್ತೆ, ಅದರ ಮರುವರ್ಷ ಹೋಟ್ಲಿನ ಬೋರ್ಡು ಬರೆಯೋನೂ ಮುಚ್ಚಿಕೊಂಡು ಹೋಗ್ತಾನೆ.

ಸೊಸೆ: ಅಲ್ಲಿ ಹಾಗಾಗಲಿಲ್ಲ. ಹಳೆ ಅಗ್ನಿಶಾಮಕ ಠಾಣೆಯ ಕಟ್ಟಡದಲ್ಲಿ ರೂಟ್ 66 ಮ್ಯೂಸಿಯಂ ಮಾಡಿದರು, ಹಿಂದುಗಡೆ ಗೋಡೆ ತುಂಬ ಆ ರಸ್ತೆಯ ಫಲಕದ ಚಿತ್ರ ಬರೆಸಿದರು. ಈಗ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದೆ ಯಾರೂ ಮುಂದೆ ಹೋಗಲ್ಲ. 2009ರ ಜೂನ್‌ನಲ್ಲಂತೂ 150ಕ್ಕೂ ಹೆಚ್ಚು ಬೋರ್ಡ್ ಕಲಾವಿದರು ಒಟ್ಟಿಗೆ ಬಂದಿಳಿದು ನಾಲ್ಕು ದಿನದಲ್ಲಿ 18 ಗೋಡೆ ಬರೆದರು. ವಾಲ್‌ಡಾಗ್ಸ್ ಅಂತ ಅವರ ಬಳಗ.

ಮಾವ: ನಾಲ್ಕು ದಿನಕ್ಕೆ 18? ಅಷ್ಟಷ್ಟು ಅಗಲದ ಗೋಡೆಗಳಾ? ಕೈಲಿ ಬರೆದದ್ದೋ, ಸ್ಟಿಕ್ಕರ್ ಅಂಟಿಸಿದ್ದೋ?

ಸೊಸೆ: ಕೈಲೇ. ತಿಂಗಳುಗಟ್ಟಲೆ ಮೊದಲೇ ಚಿತ್ರ ಸಿದ್ಧ ಮಾಡಿಕೊಂಡಿರ್ತಾರೆ. ಒಂದೊಂದು ಗೋಡೆಗೆ ಒಬ್ಬ ಮುಖ್ಯಸ್ಥ, ಅವನ ಕೈಕೆಳಗೆ ಹತ್ತಾರು ಜನ. ಚಿತ್ರವನ್ನ ದೊಡ್ಡ ಕಾಗದಕ್ಕೆ ಇಳಿಸಿ, ಗೆರೆಗುಂಟ ಸಣ್ಣ ಸಣ್ಣ ತೂತು ಹೊಡೆದು, ಗೋಡೆಗೆ ಹಿಡಿದು...

ಮಾವ: ...ಬಟ್ಟೆ ಗಂಟಿನಲ್ಲಿ ಇದ್ದಿಲು ಪುಡಿ ಕಟ್ಟಿ ತಟ್ಟೋದು! ಅದನ್ನ ನಾನು ನಿನಗೆ ಹೇಳಬೇಕಿತ್ತು, ನೀನು ನನಗೆ ಹೇಳ್ತಾ ಇದೀಯ. ಕುಟುಂಬ ಯೋಜನೆಯವರ ಕೆಂಪು ತ್ರಿಕೋನ, ಅದರ ಪಕ್ಕ ನಗ್ತಾ ಇರೋ ಗಂಡ ಹೆಂಡತಿ ಎರಡು ಮಕ್ಕಳು, ಒಂದೇ ಕಾಗದದಲ್ಲಿ ತಾಲ್ಲೂಕು ಪೂರ್ತಿ ತಟ್ಟಿದ್ದೀವಿ. ಕಾಗದ ಹರಿದರೆ ಹಿಂದೆ ಪೇಪರ್ ಅಂಟಿಸಿ ಮತ್ತೆ ತೂತು ಹೊಡೆಯೋದು. ಕೊನೆಕೊನೆಗೆ ಆ ಗಂಡನ ಮೂಗು ಒಂದೊಂದು ಊರಲ್ಲಿ ಒಂದೊಂದು ಥರ ಬರ್ತಿತ್ತು. ಇರಲಿ, ಆ ನೂರೈವತ್ತು ಜನಕ್ಕೆ ಕೂಲಿ ಯಾರು ಕೊಟ್ಟರು?

ಸೊಸೆ: ಕೂಲಿ ಇಲ್ಲ ಮಾವ. ಊರಿನವರು ಊಟ, ಉಳಿಯೋಕೆ ಜಾಗ, ಬಣ್ಣ ಕೊಡ್ತಾರೆ. ಅವರು ಹಬ್ಬಕ್ಕೆ ಬಂದ ಹಾಗೆ ಬಂದು ಬರೆದು ಹೋಗ್ತಾರೆ. 1993ರಲ್ಲಿ ಅಯೋವಾದ ಆಲರ್ಟನ್ ಅನ್ನೋ ಪುಟ್ಟ ಊರಲ್ಲಿ ಶುರುವಾದದ್ದಂತೆ. ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ಕೈಬರಹದ ಬೋರ್ಡಿನ ಕೆಲಸವೇ ನಿಲ್ಲುತ್ತಾ ಬಂದಿತ್ತು. 1980ರ ದಶಕದಲ್ಲಿ ಕಂಪ್ಯೂಟರ್‌ನಿಂದ ವಿನೈಲ್ ಹಾಳೆಯನ್ನ ಅಕ್ಷರದ ಆಕಾರಕ್ಕೆ ಕತ್ತರಿಸೋ ಯಂತ್ರ ಬಂದುಬಿಟ್ಟಿತ್ತಲ್ಲ.

ಮಾವ: ಅವರಿಗೆ ವಿನೈಲು, ನಮಗೆ ಫ್ಲೆಕ್ಸು. ಸುಮಾರು ಇಪ್ಪತ್ತು ವರ್ಷ ತಡ ಅಷ್ಟೆ. ಮೊದಲು ಹುಟ್ಟುಹಬ್ಬದ ಬ್ಯಾನರ್ ಹೋಯ್ತು, ಆಮೇಲೆ ಅಂಗಡಿ ಬೋರ್ಡು, ಆಮೇಲೆ ಚುನಾವಣೆ. ಚುನಾವಣೆಯ ಕಾಲದಲ್ಲಿ ನಾವು ರಾತ್ರಿಯೆಲ್ಲ ಪೆಟ್ರೋಮ್ಯಾಕ್ಸ್ ಇಟ್ಟುಕೊಂಡು ಬರೀತಿದ್ವಿ. ಒಂದು ಬೀದಿಯಲ್ಲಿ ಒಂದು ಪಕ್ಷ, ಇನ್ನೊಂದು ಬೀದಿಯಲ್ಲಿ ಇನ್ನೊಂದು, ಎರಡಕ್ಕೂ ಬ್ರಷ್ ಒಂದೇ. 2018ರಲ್ಲಿ ಹೈಕೋರ್ಟು ಬೆಂಗಳೂರಿನ ಫ್ಲೆಕ್ಸ್ ಎಲ್ಲ ಕಿತ್ತು ಹಾಕಿ ಅಂದಾಗ ನಮ್ಮವರಿಗೆ ಹೋದ ಜೀವ ಬಂದ ಹಾಗಾಯ್ತು. ಅಷ್ಟರಲ್ಲಿ ಒಬ್ಬ ಆಟೋ ಓಡಿಸ್ತಿದ್ದ, ಒಬ್ಬ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಬ್ರಷ್ ಒಣಗಿ ಕಡ್ಡಿಯಾಗಿತ್ತು.

ಸೊಸೆ: ನಮ್ಮಲ್ಲೂ ಹನೀಫ್ ಕುರೇಶಿ ಅನ್ನೋರು ಊರೂರಿನ ಬೋರ್ಡ್ ಕಲಾವಿದರ ಕೈಬರಹವನ್ನ ಕಂಪ್ಯೂಟರ್ ಅಕ್ಷರ ಮಾಡಿ ಉಳಿಸೋ ಕೆಲಸ ಮಾಡಿದರು. ದೆಹಲಿಯ ಲೋದಿ ಕಾಲೋನಿಯ ಗೋಡೆಗಳಿಗೆ ಚಿತ್ರ ಬರೆಸಿದ ಸ್ಟಾರ್ಟ್ ಇಂಡಿಯಾ ಬಳಗವನ್ನ ಕಟ್ಟಿದವರಲ್ಲೂ ಅವರೊಬ್ಬರು. 2024ರಲ್ಲಿ ತೀರಿಕೊಂಡರು.

ಮಾವ: ಒಳ್ಳೆ ಕೆಲಸ. ಆದರೆ ಅಕ್ಷರ ಉಳಿದರೆ ಸಾಲದು ಕಣೇ, ಕೈ ಉಳೀಬೇಕು. ಕಂಪ್ಯೂಟರ್‌ನಲ್ಲಿ ‘ಅ’ ಒತ್ತಿದರೆ ಪ್ರತಿ ಸಲ ಅದೇ ‘ಅ’. ಗೋಡೆ ಮೇಲೆ ಹಾಗಾಗಲ್ಲ. ಕಿಟಕಿ ಅಡ್ಡ ಬರುತ್ತೆ, ಅಕ್ಷರವನ್ನ ಒಂಚೂರು ಒತ್ತಬೇಕಾಗುತ್ತೆ. ಆಮೇಲೆ ಕೆಳಗೆ ನಿಂತು ನೋಡೋನ ಕಣ್ಣಿಗೆ ಸರಿ ಕಾಣಲಿ ಅಂತ ಮೇಲಿನ ಸಾಲು ತುಸು ಎತ್ತರ ಮಾಡಬೇಕು. ಅದೆಲ್ಲ ಸಾರುವೆ ಮೇಲೆ ನಿಂತವನಿಗೇ ಗೊತ್ತಾಗೋದು.

ಸೊಸೆ: ಹಾರ್ಲಿ ವಾರಿಕ್ ಅಂತ ಒಬ್ಬ ಇದ್ದ ಮಾವ, ನಿಮಗೆ ತಕ್ಕ ಜೋಡಿ. 1946ರಲ್ಲಿ ಸೈನ್ಯದಿಂದ ಬಂದವನು ನೋಡ್ತಾನೆ, ಮನೆಯ ಕಣಜದ ಮೇಲೆ ಯಾರೋ ಮೇಲ್ ಪೌಚ್ ಹೊಗೆಸೊಪ್ಪಿನ ಜಾಹೀರಾತು ಬರೀತಾ ಇದಾರೆ. ನೀನೂ ಬಾ ಅಂದರು, ಹೋದ. ಅಲ್ಲಿಂದ ಸುಮಾರು ಐವತ್ತು ವರ್ಷ ಒಹಾಯೊ, ವೆಸ್ಟ್ ವರ್ಜೀನಿಯಾ, ಸುತ್ತಲಿನ ರಾಜ್ಯಗಳು ಅಂತ 20,000ಕ್ಕೂ ಹೆಚ್ಚು ಕಣಜ ಬರೆದ. ಕಣಜ ಅಂದರೆ ಮರದ ಹಲಗೆಯ ದೊಡ್ಡ ಕೊಟ್ಟಿಗೆ, ಹುಲ್ಲು ದನ ಎಲ್ಲ ಅದರೊಳಗೇ. ಅಳತೆ ಪಟ್ಟಿ ಹಿಡೀತಿರಲಿಲ್ಲವಂತೆ, ಕಣ್ಣಂದಾಜು. ಮೊದಲನೇ ಸಾಲಿನ ಪದ ‘ಚ್ಯೂ’. ಇಂಗ್ಲಿಷಿನಲ್ಲಿ ಅದು ನಾಲ್ಕಕ್ಷರ. ಅದರಲ್ಲಿ ಮೂರನೆಯದಾದ ‘ಇ’ ಮೊದಲು ಬರೆದು, ಆಮೇಲೆ ಅಕ್ಕಪಕ್ಕದವು.

ಮಾವ: ಭಲೆ! ಕಸುಬು ಗೊತ್ತಿರೋನು. ಎಡಗಡೆಯಿಂದ ಶುರುಮಾಡಿದೋನು ಬಲಗಡೆ ಬಂದಾಗ ಜಾಗ ಸಾಲದೆ ಅಕ್ಷರಾನ ಹಿಂಡ್ತಾನೆ. ನಡುವಿನದು ಕೂತರೆ ಮಿಕ್ಕವು ತಾವೇ ಕೂರುತ್ವೆ. ಕಣಜದ ಯಜಮಾನನಿಗೆ ಏನು ಕೊಡ್ತಿದ್ದರು?

ಸೊಸೆ: ವರ್ಷಕ್ಕೆ ಒಂದೆರಡು ಡಾಲರ್, ಜೊತೆಗೆ ಕಣಜದ ಮಿಕ್ಕ ಭಾಗಕ್ಕೆ ಪುಕ್ಕಟೆ ಬಣ್ಣ.

ಮಾವ: ನಮ್ಮದೇ ಲೆಕ್ಕ! ಗೊಬ್ಬರದ ಕಂಪನಿಯವರು, ಸಿಮೆಂಟಿನವರು ರಸ್ತೆ ಕಡೆ ಗೋಡೆಗೆ ಸುಣ್ಣ ಹೊಡೆದು ಬರೀತಿದ್ದರು. ಮನೆಯವರಿಗೆ ಹಬ್ಬದ ಸುಣ್ಣದ ಖರ್ಚು ಉಳೀತಿತ್ತು. ಜಾಣ ಯಜಮಾನ ಆದರೆ ‘ಒಳಗಡೆ ಎರಡು ಕೋಣೆಗೂ ಹೊಡೆದುಬಿಡ್ರಪ್ಪ, ಆಮೇಲೆ ಬರ್ಕೊಳ್ಳಿ’ ಅಂತಿದ್ದ. ಆ ವಾರಿಕ್‌ನ ಬರಹ ಈಗಲೂ ಇದೆಯಾ?

ಸೊಸೆ: ಬೇಕಾದಷ್ಟಿವೆ. ಆದರೆ ಒಂದು ಕಾಲಕ್ಕೆ ಎಲ್ಲ ಅಳಿಸಿಹೋಗೋದರಲ್ಲಿತ್ತು. ಹೆದ್ದಾರಿ ಪಕ್ಕದ ಜಾಹೀರಾತುಗಳಿಗೆ ಕಡಿವಾಣ ಹಾಕೋ ಕಾನೂನು 1965ರಲ್ಲಿ ಬಂತು. ಆಮೇಲೆ ಜನರೇ ಇವು ಜಾಹೀರಾತಲ್ಲ, ಗುರುತು ಅಂತ ಪಟ್ಟು ಹಿಡಿದರು, 1974ರ ತಿದ್ದುಪಡಿಯಲ್ಲಿ ಇಂಥ ಹಳೆ ಬರಹಗಳಿಗೆ ವಿನಾಯಿತಿ ಸಿಕ್ಕಿತು. ಹೊಗೆಸೊಪ್ಪಿನ ಜಾಹೀರಾತು, ನೋಡಿ. ಬಾಯಿಗೆ ಹಾಕ್ಕೊಂಡವರಿಗೆ ಕ್ಯಾನ್ಸರ್, ಗೋಡೆ ಮೇಲಿದ್ದದ್ದಕ್ಕೆ ರಕ್ಷಣೆ.

ಮಾವ: ಬರೆದವನ ಕೈಗೆ ಸಿಕ್ಕ ರಕ್ಷಣೆ ಅದು, ಸೊಪ್ಪಿಗಲ್ಲ. ನಾನೂ ಬೀಡಿ ಬರೆದವನೇ.

ಸೊಸೆ: ಕೋಕಾ-ಕೋಲಾದ್ದೂ ಇದೆ. ಜಾರ್ಜಿಯಾದ ಕಾರ್ಟರ್ಸ್‌ವಿಲ್ ಅನ್ನೋ ಊರಲ್ಲಿ ಒಂದು ಔಷಧಿ ಅಂಗಡಿಯ ಗೋಡೆ, 1894ರ ಬರಹ. ಆ ಕಂಪನಿಯ ಮೊದಲ ಗೋಡೆ ಜಾಹೀರಾತು ಅದೇ ಅಂತಾರೆ. ಮೇಲೆ ಮೇಲೆ ಬಳಿದಿದ್ದ ಪದರಗಳನ್ನೆಲ್ಲ ತೆಗೆದು ಮೂಲದ್ದನ್ನ ಹೊರಗೆ ತಂದು ಮತ್ತೆ ತೀಡಿದಾರೆ. ಆದರೆ ನನಗೆ ಇಷ್ಟ ಆಗೋದು ಯಾರೂ ತೀಡದೆ ಬಿಟ್ಟವು. ಆ ದೇಶದ ಹಳೆ ಪಟ್ಟಣಗಳಲ್ಲಿ ಇಟ್ಟಿಗೆ ಗೋಡೆ ಮೇಲೆ ಮಸುಕು ಮಸುಕಾಗಿ ಗೋಧಿ ಹಿಟ್ಟು, ಸಿಗಾರು, ಕುದುರೆ ಲಾಯ ಅಂತೆಲ್ಲ ಕಾಣ್ತಾ ಇರುತ್ತೆ. ನೂರು ವರ್ಷ ಹೇಗೆ ಉಳೀತು ಅಂದರೆ, ಆಗಿನ ಬಣ್ಣದಲ್ಲಿ ಸೀಸ ಇತ್ತು.

ಮಾವ: ಸಫೇದಾ, ಅಂದರೆ ಸೀಸದ ಬಿಳಿ ಪುಡಿ, ಮತ್ತೆ ಅಗಸೆ ಎಣ್ಣೆ. ಎಣ್ಣೆ ಇಟ್ಟಿಗೆಯೊಳಗೆ ಇಳಿಯುತ್ತೆ, ಸಫೇದಾ ಅಲ್ಲೇ ಕಚ್ಚಿಕೊಳ್ಳುತ್ತೆ. ನನ್ನ ಗುರು ಅದನ್ನ ಕೈಯಲ್ಲೇ ಕಲಸೋರು. ವಿಷ ಅಂತ ಯಾರಿಗೆ ಗೊತ್ತಿತ್ತು?

ಸೊಸೆ: ಅಮೆರಿಕದಲ್ಲಿ ಮನೆ ಬಣ್ಣಕ್ಕೆ ಸೀಸ ಹಾಕೋದನ್ನ 1978ರಲ್ಲೇ ನಿಲ್ಲಿಸಿದರು. ನಮ್ಮಲ್ಲಿ ಕಟ್ಟುನಿಟ್ಟಾದ ಮಿತಿ ಬಂದದ್ದು 2017ರ ನವೆಂಬರ್‌ನಿಂದ. ಅದಕ್ಕೇ ಹೇಳ್ತೀನಿ, ಬಾಗಿಲಿನ ಹಳೆ ಎನಾಮೆಲ್ ಬಣ್ಣವನ್ನ ಯಾರೂ ಒಣ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಬಾರದು. ಧೂಳು ಮಕ್ಕಳ ಬಾಯಿಗೆ ಹೋಗುತ್ತೆ.

ಮಾವ: ಆಯ್ತು, ಬಾಗಿಲು ನನ್ನ ಜವಾಬ್ದಾರಿ. ಈಗ ಆ ನಲ್ಲಿ ಹತ್ತಿರ ಇರೋ ಚೊಂಬಲ್ಲಿ ನೀರು ತಾ.

ಸೊಸೆ: ಕುಡಿಯೋಕಾ?

ಮಾವ: ಗೋಡೆಗೆ. ತಾ ಸುಮ್ಮನೆ. ಹಾಂ... ಇಲ್ಲಿ, ಕಿಟಕಿಯ ಎಡಕ್ಕೆ, ಮೇಲಿಂದ ಇಳಿಯೋ ಹಾಗೆ ಎರಚು. ಇನ್ನೊಂದು ಚೊಂಬು. ಈಗ ನೋಡ್ತಾ ಇರು.

ಸೊಸೆ: ಅಯ್ಯೋ! ಕೆಂಪು ಬರ್ತಾ ಇದೆ... ತ್ರಿಕೋನ! ನಾನು ಇಷ್ಟು ವರ್ಷದಿಂದ ನೋಡಿದ್ದು ಬರೀ ಬಿಳಿ ಗೋಡೆ.

ಮಾವ: ಸುಣ್ಣ ಒಣಗಿದ್ದಾಗ ಬಿಳಿ, ನೆನೆದಾಗ ಗಾಜಿನ ಹಾಗೆ. ಅಡಿಯಲ್ಲಿ ಇರೋದನ್ನೆಲ್ಲ ಬಿಟ್ಟುಕೊಡುತ್ತೆ. ಡಿಸ್ಟೆಂಪರ್ ಹೊಡೆದಿದ್ದರೆ ಹೀಗೆ ಕಾಣ್ತಿರಲಿಲ್ಲ. ಪುಣ್ಯಕ್ಕೆ ನಮ್ಮಪ್ಪ ಜಿಪುಣ, ಕೊನೆವರೆಗೂ ಸುಣ್ಣ ಬಿಟ್ಟು ಬೇರೆ ಮುಟ್ಟಲಿಲ್ಲ. ಈಗ ಮೇಲುಗಡೆ ಎರಚು, ಮೆತ್ತಗೆ ಬೇಡ, ಜೋರಾಗಿ.

ಸೊಸೆ: ನೀಲಿ ಅಕ್ಷರ... ‘ಕೊಬ್ಬ’ ಕಾಣ್ತಿದೆ, ಆಮೇಲೆ ‘ರಿ’. ‘ಮಂ’ ಅರ್ಧ. ತಾತನ ಮಂಡಿಯ ಬೋರ್ಡಾ ಇದು?

ಮಾವ: ಬೋರ್ಡೇ. ನನ್ನ ಗುರು ಬರೆದದ್ದು. ನಾನು ಆಗ ಕೆಳಗೆ ನಿಂತು ಡಬ್ಬ ಹಿಡಿಯೋ ಹುಡುಗ. ಮಂಡಿ ನೋಡ್ಕೊಳ್ಳೋ ಬದಲು ಬ್ರಷ್ ಹಿಂದೆ ಬಿದ್ದ ಅಂತ ಅಪ್ಪ ಆಮೇಲೆ ಎಷ್ಟೋ ಕಾಲ ಮಾತು ಬಿಟ್ಟಿದ್ದರು. ಆ ನೀಲಿ ಯಾವುದು ಗೊತ್ತಾ? ಬಟ್ಟೆಗೆ ಹಾಕೋ ನೀಲಿ. ಸುಣ್ಣದ ಜೊತೆ ಎಲ್ಲ ಬಣ್ಣವೂ ಬಾಳಲ್ಲ, ಸುಣ್ಣ ಸುಟ್ಟುಬಿಡುತ್ತೆ. ನೀಲಿ, ಕೆಮ್ಮಣ್ಣು, ದೀಪದ ಮಸಿ ಇವು ಮೂರು ಜಪ್ಪಯ್ಯ ಅಂದರೂ ಜಗ್ಗಲ್ಲ. ಉತ್ತರ ಕನ್ನಡದ ಕಡೆ ದೇವಸ್ಥಾನದ ಗೋಡೆ ಮೇಲೆ ಕಾವಿ ಕಲೆ ಅಂತ ಇದೆಯಲ್ಲ, ಕೆಂಪು ಮಣ್ಣು ಸುಣ್ಣ ಎರಡೇ. ಆ ಮಳೆಯಲ್ಲೂ ನಿಂತಿದೆ. ಈಗ ಆ ‘ಬ್ಬ’ದ ಒತ್ತು ನೋಡು. ನೆರಳು ಯಾವ ಕಡೆ ಕೊಟ್ಟಿದಾರೆ?

ಸೊಸೆ: ಎಡಕ್ಕೆ, ಕೆಳಗೆ.

ಮಾವ: ಯಾಕೆ? ಕನ್ನಡದಲ್ಲಿ ಒತ್ತಕ್ಷರ ಬಂದು ಕೂರೋದು ಕೆಳಗೆ, ಬಲಕ್ಕೆ. ನೆರಳನ್ನೂ ಅದೇ ಕಡೆ ಎಳೆದರೆ ಒತ್ತು ಮುಚ್ಚಿಹೋಗುತ್ತೆ, ದೂರದಿಂದ ‘ಕೊಬರಿ’ ಅಂತ ಓದ್ತಾರೆ. ಎಡಕ್ಕೆ ಕೊಟ್ಟರೆ ಒತ್ತು ಬಿಡಿಯಾಗಿ ನಿಲ್ಲುತ್ತೆ. ನಿಮ್ಮ ಆ ಊರಿನವರೂ ಎಡಕ್ಕೇ ಕೊಡ್ತಾರಾ?

ಸೊಸೆ: ಹೂಂ, ಹಳೆ ಪದ್ಧತಿಯವರು ಎಡಕ್ಕೇ. ಇಂಗ್ಲಿಷ್ ಅಕ್ಷರಗಳಿಗೆ ಎಡಕ್ಕೆ ಕೊಟ್ಟರೆ ಕೆಲಸ ಕಡಿಮೆಯಂತೆ.

ಮಾವ: ಕಾರಣ ಬೇರೆ, ಕೈ ಒಂದೇ. ಇನ್ನೂ ಇದೆ ಈ ಗೋಡೆಯಲ್ಲಿ. ಬಾಗಿಲ ಪಕ್ಕ, ಆಳೆತ್ತರದಲ್ಲಿ ಕರಿ ಅಕ್ಷರದ್ದು ಒಂದು ಗುರುತು ಸಿಗಬಹುದು. ಮಲೇರಿಯಾ ಇಲಾಖೆಯವರು ಡಿಡಿಟಿ ಹೊಡೆದ ತಾರೀಕು ಹಾಕಿ ಹೋಗ್ತಿದ್ದರು. 1958ರಲ್ಲಿ ಶುರುವಾದ ಕಾರ್ಯಕ್ರಮ ಅದು, ಆಗ ಮನೆಮನೆ ಗೋಡೆಗೂ ಬರೆದರು. ಅದರ ಮೇಲೆ ಕುಟುಂಬ ಯೋಜನೆ, ಅದರ ಮೇಲೆ ಸುಣ್ಣ. ಈಗ ಇದನ್ನೆಲ್ಲ ಮುಚ್ಚಿ 1982ರ ಕೋಲಾ ಬರೆಯೋಣವಾ?

ಸೊಸೆ: ನಾನೇನು ಕೋಲಾ ಬರೀರಿ ಅನ್ನಲಿಲ್ಲ. ಆದರೆ ನೀವು ಹೊಸ ಚಿತ್ರವೇ ಬೇಡ ಅನ್ನೋ ಹಾಗೆ ಮಾತಾಡ್ತಿದೀರ. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ನೀವೇ ನಮ್ಮನ್ನ ಕರೆದುಕೊಂಡು ಹೋಗಿದ್ದಿರಿ. ಪೊಲ್ಲಿಲೂರು ಯುದ್ಧದ ಆ ದೊಡ್ಡ ಚಿತ್ರ ಟಿಪ್ಪು ಬರೆಸಿದ್ದು ಹಾಗೇ ಉಳಿದಿದೆಯಾ? ಒಂದು ಸಲ ಸುಣ್ಣ ಬಳಿದರು, ಟಿಪ್ಪು ಸತ್ತಮೇಲೆ ವೆಲ್ಲೆಸ್ಲಿ ಮತ್ತೆ ಬರೆಸಿದ, ಪುನಃ ಸುಣ್ಣ, ಆಮೇಲೆ 1855ರ ಸುಮಾರಿಗೆ ಡಾಲ್‌ಹೌಸಿ ಹೇಳಿ ಇನ್ನೊಂದು ಸಲ ಬರೆಸಿದ. ಈಗ ನಾವು ಬಾಯಿ ಬಿಟ್ಟುಕೊಂಡು ನೋಡೋದು ಬರೆದದ್ದರ ಮೇಲೆ ಬರೆದದ್ದನ್ನ. ಅದನ್ನ ನಕಲಿ ಅಂತೀರಾ?

ಮಾವ: ಒಳ್ಳೆ ಪಟ್ಟು ಹಾಕಿದೆ. ಆದರೆ ಡಾಲ್‌ಹೌಸಿ ಯಾರ ಕೈಲಿ ಬರೆಸಿದ ಅಂತ ಗೊತ್ತಲ್ಲ? ಮೊದಲಿನ ಚಿತ್ರ ಹೇಗಿತ್ತು ಅಂತ ನೆನಪಿದ್ದ ಒಬ್ಬ ಇಲ್ಲಿನ ಚಿತ್ರಗಾರನನ್ನ ಹುಡುಕಿಸಿದ. ಲಂಡನ್ನಿನಿಂದ ತರಿಸಲಿಲ್ಲ. ಗೋಡೆಯಲ್ಲಿ ಏನಿತ್ತು ಅಂತ ಬಲ್ಲವನು ಬರೆದರೆ ನಾನು ಬೇಡ ಅನ್ನೋನಲ್ಲ. ಎಲ್ಲೋ ಇದ್ದದ್ದನ್ನ ತಂದು ಇಲ್ಲಿತ್ತು ಅಂತ ನಂಬಿಸೋದಕ್ಕೆ ಅಡ್ಡ ಬರ್ತೀನಿ.

ಸೊಸೆ: ಪಾಂಟಿಯಾಕ್‌ನಲ್ಲೂ ಎಷ್ಟೋ ಚಿತ್ರಗಳು ಆ ಗೋಡೆ ಮೇಲೆ ಹಿಂದೆ ಇದ್ದವೇ ಅಲ್ಲ ಮಾವ. ಊರಿನ ಚರಿತ್ರೆಯಿಂದ ಆರಿಸಿ, ಹಳೆ ಜಾಹೀರಾತಿನ ಧಾಟಿಯಲ್ಲಿ ಹೊಸದಾಗಿ ಬರೆದದ್ದು. ಆದರೆ ಯಾರನ್ನೂ ಯಾಮಾರಿಸಲ್ಲ. ಬರೆದವರು ಯಾರು, ಯಾವಾಗ ಅಂತ ಊರಿಗೆಲ್ಲ ಗೊತ್ತು. ಅವರ ಕೆಲಸಕ್ಕೇ ಅಂತ ಅಲ್ಲೊಂದು ಮ್ಯೂಸಿಯಂ ಮಾಡಿದ್ದರು.

ಮಾವ: ಹಾಗಾದರೆ ಸರಿ. ಧಾಟಿ ಹಳೇದಿರಲಿ, ತಾರೀಕು ಇವತ್ತಿನದಿರಲಿ. ಆ ಬಣ್ಣ ಕಿತ್ತು ಬಂದ ಹಾಗೆ ಮಾಡೋದಿದೆಯಲ್ಲ, ಸ್ಪಂಜಲ್ಲಿ ತಟ್ಟೋದು, ಉಪ್ಪುಕಾಗದ ಹಾಕಿ ಉಜ್ಜೋದು, ಸಿನಿಮಾ ಸೆಟ್ಟಿಗೆ ನಾನೂ ಮಾಡಿಕೊಟ್ಟಿದೀನಿ. ಶೂಟಿಂಗ್ ಮುಗಿದಮೇಲೆ ಸೆಟ್ ಕಿತ್ತು ಹಾಕ್ತಾರೆ, ಅಲ್ಲಿಗೆ ಸರಿ. ಊರ ನಡುವೆ ನಿಲ್ಲೋ ಗೋಡೆಗೆ ಬೇಡ. ಪಡುವಣ ಬಿಸಿಲು ಬೀಳೋ ಗೋಡೆ ಇದು, ಇವತ್ತು ಹೊಸದಾಗಿ ಬರೆದುಕೊಡು, ಬೇಕಾದಷ್ಟು ಬೇಗ ತಾನೇ ಮಾಸುತ್ತೆ.

ಸೊಸೆ: ಇದನ್ನ ಕಾಫಿಯವರಿಗೆ ಹೇಗೆ ಹೇಳೋದು? ಅವರಿಗೆ ಬಿಸಿಲಿಗಾಗಿ ಕಾಯೋ ಪುರುಸೊತ್ತಿಲ್ಲ.

ಮಾವ: ಒಂದು ಚೊಂಬು ನೀರು ಎರಚಿ ತೋರಿಸು, ಮಾತೇ ಬೇಡ.

ಸೊಸೆ: ಬಣ್ಣದ ವಿಷಯ. ಅವರ ಕಂಟ್ರಾಕ್ಟರ್ ಗೋಡೆ ಪೂರ್ತಿ ಪುಟ್ಟಿ ಹಾಕಿ, ಪ್ರೈಮರ್ ಹೊಡೆದು, ಹೊರಗೋಡೆಯ ಎಮಲ್ಷನ್ ಬಳಿದು, ಅದರ ಮೇಲೆ ಬರೀಬೇಕು ಅಂದ.

ಮಾವ: ಪುಟ್ಟಿ ಹಾಕಿಸಿದರೆ ನಾನು ಬ್ರಷ್ ಮುಟ್ಟಲ್ಲ. ಇದು ಸಿಮೆಂಟ್ ಗೋಡೆ ಅಲ್ಲ. ಗಾರೆ ಗೋಡೆ ನೆಲದ ತೇವ ಕುಡಿಯುತ್ತೆ, ಹಗಲು ಬಿಸಿಲಿಗೆ ಹೊರಗೆ ಬಿಡುತ್ತೆ. ಪ್ಲಾಸ್ಟಿಕ್ ಥರದ ಬಣ್ಣ ಬಳಿದರೆ ತೇವ ಹೊರಗೆ ಬರೋಕೆ ದಾರಿ ಇಲ್ಲ. ಬಣ್ಣದ ಹಿಂದೆ ಉಪ್ಪು ಹೂ ಬಿಟ್ಟ ಹಾಗೆ ಅರಳುತ್ತೆ, ಹಪ್ಪಳದ ಹಾಗೆ ಉಬ್ಬಿ, ಒಂದು ದಿನ ಗಾರೆ ಸಮೇತ ಕಳಚಿಕೊಂಡು ಬೀಳುತ್ತೆ. ಅಲ್ಲಿ ಕೆಳಗೆ ನೋಡು, ಸಿಮೆಂಟ್ ಮೆತ್ತಿದಾರಲ್ಲ ಮೊಣಕಾಲೆತ್ತರ. ತೇವ ನಿಲ್ಲಲಿ ಅಂತ ಮೆತ್ತಿದ್ದು. ತೇವ ನಿಂತಿತಾ? ಸಿಮೆಂಟ್ ಎಲ್ಲಿ ಮುಗಿಯುತ್ತೋ ಅಲ್ಲಿಂದ ಮೇಲಕ್ಕೆ ಹತ್ತಿದೆ. ಬೆರಳಲ್ಲಿ ತಟ್ಟು, ಟೊಳ್ಳು ಶಬ್ದ ಬರುತ್ತೆ.

ಸೊಸೆ: ಹೂಂ, ಡಬಡಬ ಅಂತಿದೆ. ನಮ್ಮ ಇಲಿನಾಯ್‌ನಲ್ಲಿ ಇದರದ್ದೇ ಇನ್ನೊಂದು ಅವತಾರ. ಇಟ್ಟಿಗೆಗೆ ಗಾಳಿಯಾಡದ ಬಣ್ಣ ಬಳಿದರೆ ಒಳಗೆ ಸಿಕ್ಕಿಕೊಂಡ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತೆ, ಇಟ್ಟಿಗೆಯ ಮುಖವೇ ಚಕ್ಕೆಯಾಗಿ ಹಾರಿಹೋಗುತ್ತೆ. ಮರಳು ಊದಿ ಹಳೆ ಗೋಡೆ ತೊಳೆಯಬೇಡಿ, ಇಟ್ಟಿಗೆಯ ಸುಟ್ಟ ಮೇಲ್ಪದರ ಹೋಗುತ್ತೆ ಅಂತ ಅಮೆರಿಕದ ರಾಷ್ಟ್ರೀಯ ಪಾರ್ಕ್ ಇಲಾಖೆ ಪುಸ್ತಿಕೆಯನ್ನೇ ತಂದಿದೆ. ಹಳೆ ಬೋರ್ಡು ಗೋಡೆಬರಹಗಳನ್ನ ಉಳಿಸೋದು ಹೇಗೆ ಅಂತ 1991ರಲ್ಲಿ ಬೇರೊಂದು ಪುಸ್ತಿಕೆ. ಅಂಗಡಿ ಬದಲಾದರೂ ಹಳೆ ಬೋರ್ಡು ಇರಲಿ ಬಿಡಿ ಅನ್ನೋದು ಅದರ ಸಲಹೆ. ಗೋಡೆಗೆ ಒಪ್ಪೋ ಬಣ್ಣವೂ ಇದೆ, ಪೊಟ್ಯಾಸಿಯಂ ಸಿಲಿಕೇಟ್‌ದು. ಬವೇರಿಯಾದ ಕೈಮ್ ಅನ್ನೋನು 1878ರಲ್ಲಿ ಪೇಟೆಂಟ್ ಮಾಡಿದ್ದು. ಗೋಡೆ ಮೇಲೆ ಪೊರೆಯಾಗಿ ಕೂರದೆ ಸುಣ್ಣದ ಜೊತೆ ಸೇರಿ ಕಲ್ಲಾಗಿಬಿಡುತ್ತೆ, ಉಸಿರಾಟಕ್ಕೆ ತೊಂದರೆ ಇಲ್ಲ.

ಮಾವ: ಒಳ್ಳೇದೇ. ಬೆಲೆ ಕೇಳಿದರೆ ನಮ್ಮ ಉಸಿರಾಟಕ್ಕೆ ತೊಂದರೆ ಆಗುತ್ತೆ. ನಮಗೆ ಸುಣ್ಣ ಸಾಕು. ಮೊದಲು ಆ ಸಿಮೆಂಟ್ ಬಿಡಿಸಿ, ಗಾರೆ ಹಾಕಿ, ಮಳೆಗಾಲ ಕಳೆದು ದೀಪಾವಳಿ ಆದಮೇಲೆ ಕೆಲಸ ಶುರು. ಸುಣ್ಣ ನೆನೆಹಾಕಿ ಹುಳಿ ಬರಿಸಿ, ಸೋಸಿ, ಅಂಟು ಬೆರೆಸಿ, ತೆಳ್ಳಗೆ ಮೂರು ಕೈ.

ಸೊಸೆ: ಚಿತ್ರ ಏನು? ನಾನು ಒಂದು ಯೋಚನೆ ಮಾಡಿದೀನಿ. ಮೇಲೆ ತಾತನ ಬೋರ್ಡಿನ ‘ಕೊಬ್ಬರಿ ಮಂಡಿ’ ಹಾಗೇ ಹೊರಗೆ ತರೋದು, ತ್ರಿಕೋನವನ್ನೂ ಮುಟ್ಟೋದು ಬೇಡ. ಬಲಗಡೆ ಖಾಲಿ ಜಾಗದಲ್ಲಿ ಹಳೆ ಪೇಟೆ. ಎತ್ತಿನ ಗಾಡಿ, ರೈಲು, ಪಂಚೆ ಉಟ್ಟ ಸಾಹುಕಾರರು ಗಾದಿ ಮೇಲೆ ಕೂತು ಟವೆಲ್ ಅಡಿ ಬೆರಳು ಹಿಡಿದು ವ್ಯಾಪಾರ...

ಮಾವ: ಸಾಹುಕಾರರು ಬರ್ತಾರೆ. ಮೂಟೆ ಹೊತ್ತವರು?

ಸೊಸೆ: ಅದು ಸರಿ. ನನಗೂ ಅಲ್ಲಿ ಇದೇ ಚುಚ್ಚೋದು. ರೂಟ್ 66ರ ಚಿತ್ರಗಳಲ್ಲಿ ಎಲ್ಲ ಕಡೆ ಹೊಳೆಯೋ ಕಾರು, ನಗೋ ಕುಟುಂಬ. ಅದೇ ರಸ್ತೆಯಲ್ಲಿ ಕಪ್ಪು ಜನಕ್ಕೆ ಎಷ್ಟೋ ಊರುಗಳಲ್ಲಿ ರಾತ್ರಿ ತಂಗೋಕೆ ಬಿಡ್ತಿರಲಿಲ್ಲ. ಎಲ್ಲಿ ನಿಲ್ಲಬಹುದು, ಎಲ್ಲಿ ಊಟ ಸಿಗುತ್ತೆ ಅಂತ ಪಟ್ಟಿ ಮಾಡಿದ ‘ಗ್ರೀನ್ ಬುಕ್’ ಅನ್ನೋ ಕೈಪಿಡಿ 1936ರಿಂದ ಮೂವತ್ತು ವರ್ಷ ಅಚ್ಚಾಯ್ತು. ಹಳೆ ಕಾಲದ ಚಂದ ಬರೆಯೋ ಗೋಡೆಗಳಲ್ಲಿ ಆ ಪುಸ್ತಕ ಹಿಡಿದು ಕಾರಿನೊಳಗೆ ರಾತ್ರಿ ಕಳೆದವರು ಕಾಣೋದು ಅಪರೂಪ.

ಮಾವ: ನಮ್ಮಲ್ಲೂ ಯಾರು ಗೋಡೆಗೆ ಬಂದರು, ಯಾರು ಗೋಡೆ ಹಿಂದೆ ಉಳಿದರು ಅಂತ ಲೆಕ್ಕ ಇದೆ. ಕೊಬ್ಬರಿ ಅಂದರೆ ಏನು? ಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷ ಮಲಗಿ ಒಳಗೆ ಗುಂಡಗೆ ಒಣಗಬೇಕು. ಆಮೇಲೆ ಅದನ್ನ ಸುಲಿದು, ಚಿಪ್ಪು ಒಡೆದು, ಉಂಡೆ ಮುರಿಯದ ಹಾಗೆ ಬಿಡಿಸಬೇಕು. ಒಡೆದರೆ ಬೆಲೆ ಬಿತ್ತು. ಬಿಡಿಸೋರು ಹೆಂಗಸರು. ಈ ಮಂಡಿಯ ಹಿಂದಿನ ಅಂಗಳದಲ್ಲಿ ಬೆಳಗಿಂದ ಸಂಜೆವರೆಗೆ ಚಿಪ್ಪಿನ ಮಧ್ಯೆ ಕೂತಿರ್ತಿದ್ದರು. ಮುಂದಿನ ಬಾಗಿಲಿನಿಂದ ಒಳಗೆ ಬಂದವರೇ ಅಲ್ಲ ಅವರು. ಹಿತ್ತಿಲ ಬಾಗಿಲು. ಬರೆಯೋದಾದರೆ ಅವರನ್ನ ರಸ್ತೆ ಕಡೆ ಗೋಡೆಗೆ ಬರೀತೀನಿ, ಸಾಹುಕಾರನಿಗಿಂತ ಒಂದು ಗೇಣು ದೊಡ್ಡದಾಗಿ. ಮುಖ ಮಾತ್ರ ಕ್ಯಾಲೆಂಡರ್ ಮುಖ ಬೇಡ. ಅವರಲ್ಲಿ ಇಬ್ಬರು ಇನ್ನೂ ಇದಾರೆ, ಹೋಗಿ ಕೂತು ನೋಡಿ ಬರೀತೀನಿ.

ಸೊಸೆ: ಅವರು ಒಪ್ಪಬೇಕಲ್ಲ.

ಮಾವ: ಒಪ್ಪಿದರೆ. ಇಲ್ಲಾಂದರೆ ಕೈ ಮಾತ್ರ ಬರೀತೀನಿ, ಕೈ ನೋಡಿದರೂ ಊರಿಗೆ ಗೊತ್ತಾಗುತ್ತೆ.

ಸೊಸೆ: ನಗರಸಭೆಗೆ ಅರ್ಜಿ ಹಾಕಬೇಕಾ? ಬಯಲು ಜಾಗ ವಿರೂಪ ಮಾಡೋದರ ವಿರುದ್ಧ 1981ರ ಕಾಯ್ದೆ ಇದೆಯಲ್ಲ.

ಮಾವ: ಇದೆ. ನಮ್ಮ ಕಸುಬಿನವರಿಗೆಲ್ಲ ಅದು ಬಾಯಿಪಾಠ. ಕಟ್ಟಡ ನಮ್ಮದೇ, ಆದರೂ ಒಂದು ಕಾಗದ ಕೊಟ್ಟು ರಸೀದಿ ಇಟ್ಟುಕೋ. ಕಾಫಿ ಅಂಗಡಿಯ ಹೆಸರು ಈ ಗೋಡೆಗೆ ಬೇಡ, ಬಾಗಿಲ ಮೇಲೆ ಹಲಗೆಯಲ್ಲಿ ಬರೆದುಕೊಡ್ತೀನಿ, ಅದಕ್ಕೆ ಬೇರೆ ದುಡ್ಡು. ಆಮೇಲೆ ಕೆಳಗೆ ಬಲಮೂಲೆಯಲ್ಲಿ ಬರೆದವರ ಹೆಸರು, ವರ್ಷ, ಎರಡೂ ಓದೋ ಹಾಗೆ. ಮೇಲಿನ ಬೋರ್ಡಿನ ಪಕ್ಕ ಗುರುಗಳ ಹೆಸರು.

ಸೊಸೆ: ಬರೆದವರು ಅಂದರೆ ನೀವೊಬ್ಬರೇನಾ? ನಿಮ್ಮ ಮೊಣಕಾಲಿಗೆ ಸಾರುವೆ ಹತ್ತೋಕೆ ಆಗುತ್ತಾ?

ಮಾವ: ಆಟೋದವನನ್ನ ಕರೀತೀನಿ, ಜೆರಾಕ್ಸಿನವನನ್ನೂ. ಅವನ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ, ಅವನೆದುರು ಹೇಳಬೇಡ. ನಿಮ್ಮ ವಾಲ್‌ಡಾಗ್ಸ್ ಥರ ಊಟ ಮಾತ್ರ ಅಂದರೆ ಇಬ್ಬರೂ ಬರಲ್ಲ, ದಿನಗೂಲಿ ಕೊಡಬೇಕು. ಇವರಿಗೆ ಇದು ಹಬ್ಬ ಅಲ್ಲ, ಒಂದು ದಿನ ಆಟೋ ನಿಂತರೆ ಅಂದಿನ ಸಂಪಾದನೆ ಹೋಯ್ತು. ಅದನ್ನ ಕಾಫಿಯವರ ಹತ್ತಿರ ಮೊದಲೇ ಮಾತಾಡು.

ಸೊಸೆ: ಮಾತಾಡ್ತೀನಿ. ದೀಪಾವಳಿಗೆ ನನಗೆ ರಜೆ ಸಿಕ್ಕರೆ ಬರ್ತೀನಿ, ಕಾಗದಕ್ಕೆ ತೂತು ಹೊಡೆಯೋ ಕೆಲಸ ನನಗೆ ಬಿಡಿ.

ಮಾವ: ತೂತು ಹೊಡೆಯೋದು ಅಷ್ಟು ಸುಲಭ ಅಂದುಕೊಂಡಿದೀಯಾ? ಹತ್ತಿರ ಹತ್ತಿರ ಹೊಡೆದರೆ ಕಾಗದ ಹರಿಯುತ್ತೆ, ದೂರ ದೂರ ಹೊಡೆದರೆ ಗೆರೆ ಸಿಗಲ್ಲ. ಮೊದಲು ಹಳೆ ಪೇಪರ್ ಮೇಲೆ ಕಲಿ. ಈಗ ಸಾರುವೆಯವನಿಗೆ ಫೋನ್ ಮಾಡು, ದೀಪಾವಳಿ ಆದಮೇಲೆ ಮದುವೆ ಕಾಲ, ಬಿದಿರು ಸಿಗಲ್ಲ. ಮುಂಗಡ ಕೇಳ್ತಾನೆ.

ಸೊಸೆ: ಎಷ್ಟು ಕೊಡಲಿ?

ಮಾವ: ನೀನು ಯಾಕೆ ಕೊಡ್ತೀಯ? ನಿನ್ನ ದೊಡ್ಡಮಾವನಿಗೆ ಹೇಳು. ಮಂಡಿ ಪತ್ರ ಅವನ ಹೆಸರಲ್ಲಿದೆ, ಬಾಡಿಗೆಯೂ ಅವನಿಗೇ ಬರೋದು.